ಒಂದು ನಿಮಿಷಕ್ಕೆ ಹನ್ನೆರಡು ಉಪಗ್ರಹ

ಕುಂದಾಪುರದಲ್ಲಿ ಯಾರನ್ನು ಬೇಕಾದರೂ ಗಂಟೆಯೆಷ್ಟೆಂದು ಕೇಳಿ, ನನ್ನ ಭಾವನನ್ನು ಮಾತ್ರ ಕೇಳಬೇಡಿ! ಅವರು ಮೊದಲು ಆಕಾಶ ನೋಡುತ್ತಾರೆ, ಆಮೇಲೆ ಮೊಬೈಲಿನಲ್ಲಿ ಉಪಗ್ರಹಗಳ ಹಾಜರಿ ತೆಗೆಯುತ್ತಾರೆ. ಅಷ್ಟರಲ್ಲಿ ನಿಮ್ಮ ಬಸ್ಸು ಹೋಗಿರುತ್ತದೆ.

ಭಾವ ಖಾಸಗಿ ಬಸ್ಸಿನ ಮಾಲೀಕರ ಕಂಪ್ಯೂಟರ್ ನೋಡಿಕೊಳ್ಳುವವರು. ನಮ್ಮ ಕಡೆ ಬಸ್ಸಿನವರ ಜಗಳವೆಲ್ಲ ನಿಮಿಷದ್ದೇ ತಾನೆ? ಬ್ರಹ್ಮಾವರ, ಕುಂದಾಪುರ, ಬೈಂದೂರು, ಮೂರೂ ಕಡೆಯ ಟೈಮ್ ಕೀಪರನ ಕಂಪ್ಯೂಟರಿನಲ್ಲಿ ಮೂರು ಬೇರೆ ಬೇರೆ ಸಮಯ. ತನ್ನ ಸಮಯವಾಯಿತೆಂದು ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಾನೆ, ಮುಂದಿನವನು ಜನ ಹತ್ತುವ ಮೊದಲೇ ಹೊರಡುತ್ತಾನೆ. ಚಿಕ್ಕಂದಿನಿಂದ ಒಂದು ಕಾಲು ಎಳೆದು ನಡೆಯುವ ನನ್ನ ಅಕ್ಕ, ಅಂದರೆ ಭಾವನ ಹೆಂಡತಿ, ಬೈಂದೂರಿನ ಶಾಲೆಯಲ್ಲಿ ಟೀಚರ್. ಮೆಟ್ಟಿಲ ಮೇಲೆ ಕಾಲಿಟ್ಟಾಗಲೇ ಬಸ್ಸು ಹೊರಟು ಅವಳು ಎರಡು ಸಲ ಬಿದ್ದಿದ್ದಳು. ಮೂರೂ ಕಡೆ ಒಂದೇ ಸಮಯ ತರುತ್ತೇನೆಂದು ಭಾವ ಮಾಲೀಕರಿಗೆ ಮಾತು ಕೊಟ್ಟರು. ಮಾಲೀಕರು ಕೊಟ್ಟ ಗಡುವು ಒಂದೇ ವಾರ. ಆಗದಿದ್ದರೆ ಹಳೆಯ ಜಗಳವೇ ಗತಿ.

ಇಂಟರ್ನೆಟ್ಟಿನಿಂದ ಸಮಯ ತೆಗೆದುಕೊಂಡರಾಗದೇ ಎಂದೆ. ಗಾಳಿಮಳೆಗೆ ಲೈನ್ ಹೋದರೆ ಗಂಟೆಯೂ ಹೋಯಿತಲ್ಲ ಎಂದು ಭಾವ ನನ್ನನ್ನೇ ಗದರಿದರು.

ಸರಿ, ಉಪಗ್ರಹದಿಂದ ಸಮಯ ಹಿಡಿಯುವ ರಿಸೀವರುಗಳು ಮನೆಗೆ ಬಂದವು. ಬಂಗುಡೆ ಮೀನಿನ ಕಿವಿರು ಎತ್ತಿ ನೋಡುವವರಂತೆ ಭಾವ ಒಂದೊಂದನ್ನೂ ತಿರುಗಿಸಿ ನೋಡಿದರು. ಮೊದಲನೆಯದು ನಮ್ಮ ಮನೆ ಎಲ್ಲಿದೆಯೆಂದು ಚೆನ್ನಾಗಿ ತೋರಿಸಿತು, ಆದರೆ ಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ ಟಿಕ್ ಎಂದು ತಿಳಿಸುವ ತಂತಿಯೇ ಅದಕ್ಕಿರಲಿಲ್ಲ.

“ನಮ್ಮನಿ ಎಲ್ಲಿತ್ತ್ ಅಂದೇಳಿ ನಮಗ್ ಗೊತ್ತಿಲ್ಯಾ?” ಎಂದು ಭಾವ ಅದನ್ನು ವಾಪಸ್ ಕಳಿಸಿದರು.

ಎರಡನೆಯದು ತೆಂಗಿನ ಗರಿ ಅಡ್ಡ ಬಂದರೂ ಗಂಟೆ ಮರೆಯುತ್ತಿತ್ತು. ಮೂರನೆಯದು ಗಟ್ಟಿಪಿಂಡ! ತಾರಸಿಯ ಮೇಲೆ ಅದರ ಆಂಟೆನಾ ಇಟ್ಟದ್ದೇ ತಡ, ನಮ್ಮ ದೇಶದ್ದೂ ಸೇರಿ ಹನ್ನೆರಡು ಉಪಗ್ರಹ ಹಿಡಿಯಿತು. ಅವು ಕೈಕೊಟ್ಟರೂ ಸ್ವಲ್ಪ ಹೊತ್ತು ತಾನೇ ಗಂಟೆ ಕಾಯ್ದುಕೊಳ್ಳುತ್ತದೆ ಎಂದರು ಭಾವ. ನಾನು ನಂಬಲಿಲ್ಲ.

ಆರನೆಯ ದಿನ ಪರೀಕ್ಷೆಗೆ ಮಾಲೀಕರೇ ಮನೆಗೆ ಬಂದರು. ಪರದೆಯಲ್ಲಿ ಉಪಗ್ರಹ ಸೊನ್ನೆ! ಭಾವ ಮೋಡವನ್ನು ಬೈದು ತಾರಸಿ ಹತ್ತಿದರೆ, ಆಂಟೆನಾದ ಮೇಲೆ ಅನ್ನ ಮಾಡುವ ಅಲ್ಯೂಮಿನಿಯಂ ಪಾತ್ರೆ ಬೋರಲು ಬಿದ್ದಿತ್ತು.

“ಮಳಿಗೆ ಚಂಡಿ ಆಪುದ್ ಬ್ಯಾಡ ಅಂದೇಳಿ ಬೆಳಿಗ್ಗೆ ನಾನೇ ಮುಚ್ಚಿದ್ದ್, ಹ್ವಾಯ್,” ಎಂದಳು ಅಕ್ಕ. ಆಂಟೆನಾ ಮಳೆಯಲ್ಲಿ ನೆನೆಯಬಾರದೆಂಬ ಕಾಳಜಿ ಅವಳದು.

ಮಾಲೀಕರು ತಮ್ಮ ಮೊಬೈಲಿಗೆ ಹೋಲಿಸಿ ನೋಡಿದರು. ಬೆಳಗಿನಿಂದ ಪಾತ್ರೆಯೊಳಗೆ ಕೂತಿದ್ದರೂ ಆ ಪುಣ್ಯಾತ್ಮ ಒಂದು ಸೆಕೆಂಡೂ ತಪ್ಪಿರಲಿಲ್ಲ! ಇನ್ನೇನು ಬೇಕು? ಮೂರೂ ಕಡೆಗೆ ಅದನ್ನೇ ಹಾಕಲು ಒಪ್ಪಿದರು.

ಅವನ್ನು ಕೂರಿಸಿದ ಮೇಲಿನ ಮೊದಲ ಸೋಮವಾರ ಕುಂದಾಪುರದ ಬಸ್ ನಿಲ್ದಾಣದಲ್ಲಿ ಹಿಂದಿನ ಬಸ್ಸು ಎಂದಿನಂತೆ ಹಾರ್ನ್ ಒತ್ತಿತು. ಟೈಮ್ ಕೀಪರ್ ತಲೆಯನ್ನೇ ಎತ್ತದೆ, ಮುಂದಿನ ಬಸ್ಸಿಗೆ ಇನ್ನೂ ಒಂದು ನಿಮಿಷವಿದೆ ಎಂದ. ಯಾರೂ ಜಗಳವಾಡಲಿಲ್ಲ. ಆ ನಿಮಿಷದಲ್ಲಿ ಅಕ್ಕ ಕಂಬಿ ಹಿಡಿದಳು, ಒಳ್ಳೆಯ ಕಾಲಿಟ್ಟಳು, ಇನ್ನೊಂದನ್ನು ನಿಧಾನವಾಗಿ ಎಳೆದುಕೊಂಡಳು.

ಕಂಬದ ಮರೆಯಲ್ಲಿ ಭಾವ ನಿಂತಿದ್ದರು. ಆಕಾಶ ನೋಡಲಿಲ್ಲ, ಮೊಬೈಲೂ ನೋಡಲಿಲ್ಲ. ಅಕ್ಕನ ಕಾಲನ್ನೇ ನೋಡುತ್ತಿದ್ದರು. ಇಷ್ಟು ದಿನ ಅವರನ್ನು ಗೇಲಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ, ಗಂಟೆಯೆಷ್ಟು ಭಾವ ಎಂದು ಕೇಳಿಯೇಬಿಟ್ಟೆ.

ಅವರು ಬಸ್ಸಿನಿಂದ ಕಣ್ಣು ತೆಗೆಯದೆ ಹೇಳಿದರು: “ಅವ್ಳ್ ಕೂತ್ಕಂಡ್ಲ್, ಮಾರಾಯ. ಇನ್ನ್ ಬಸ್ ಹೋಯ್ಲಿ.”