ಏಳು ತುಂಬಿದವರ ಲಿಫ್ಟು

ಎಲ್ಲ ತಾಪತ್ರಯಕ್ಕೂ ಮೂಲ ಲಿಫ್ಟಿನೊಳಗಿದ್ದ ಒಂದು ಬೋರ್ಡು. ‘ಏಳು ವರ್ಷ ತುಂಬದ ಮಕ್ಕಳು ಒಂಟಿಯಾಗಿ ಲಿಫ್ಟ್ ಬಳಸಬಾರದು.’ ಅದನ್ನು ಸ್ಕ್ರೂ ಹಾಕಿ ಕೂರಿಸಿದವನು ಅದೇ ಕಟ್ಟಡದ ಐದನೇ ಮಹಡಿಯಲ್ಲಿ ವಾಸವಿದ್ದ ಲಿಫ್ಟ್ ಮೆಕ್ಯಾನಿಕ್ಕೇ. ಆಗ ಅವನ ಮಗಳು ಗುಬ್ಬಿ ತೊಟ್ಟಿಲಲ್ಲಿದ್ದಳು. ಏಳು ವರ್ಷ ಅನ್ನುವುದು ಅವನಿಗೆ ಮುಂದಿನ ಜನ್ಮದಷ್ಟು ದೂರ ಕಂಡಿತ್ತು. ಇವತ್ತು ಗುಬ್ಬಿಗೆ ಏಳು ತುಂಬಿತು.

ಬೆಳಗ್ಗೆ ಎದ್ದವಳು ಉಡುಗೊರೆ ಎಲ್ಲಿ ಅಂತ ಕೇಳಲಿಲ್ಲ.

“ಅಪ್ಪಾ, ಇವತ್ತಿಂದ ನಾನೊಬ್ಳೇ ಲಿಫ್ಟಲ್ಲಿ ಹೋಗ್ಬೋದು ತಾನೇ?”

“ಹ್ಞೂಂ. ನೋಡೋಣ.”

“ನೋಡೋದೇನಿಲ್ಲ, ಬೋರ್ಡಲ್ಲೇ ಬರ್ದಿದೆ. ಸಾಯಂಕಾಲ ಫ್ರೆಂಡ್ಸ್ ಬಂದಾಗ ನಾನೊಬ್ಳೇ ಕೆಳಗೆ ಹೋಗಿ ಕರ್ಕೊಂಡ್ ಬರ್ತೀನಿ.”

ಅಡುಗೆಮನೆಯಿಂದ ಹೆಂಡತಿ ನಕ್ಕಳು. “ಮುಖ ನೋಡೇ ನಿಮ್ಮಪ್ಪಂದು. ಊರ ಲಿಫ್ಟೆಲ್ಲ ರಿಪೇರಿ ಮಾಡ್ತಾರೆ, ತಮ್ಮ ಲಿಫ್ಟಲ್ಲಿ ಮಗಳನ್ನ ಕಳ್ಸೋಕೆ ಕೈಕಾಲು ನಡುಗುತ್ತೆ. ನನ್ನ ನೋಡಿ, ನನಗೇನಾದ್ರೂ ಆಗ್ತಿದ್ಯಾ?”

ಲಿಫ್ಟಿನ ಬಗ್ಗೆ ಅವನಿಗೆ ಎಳ್ಳಷ್ಟೂ ಭಯವಿರಲಿಲ್ಲ. ಅದರ ಹಗ್ಗ ಆನೆಯನ್ನೂ ಹೊರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಬಾಗಿಲು ಮುಚ್ಚಿಕೊಳ್ಳುವಾಗ ಅವಳು ಒಳಗೆ, ತಾನು ಹೊರಗೆ ಅನ್ನುವುದಷ್ಟೇ ಅವನಿಗೆ ಸಹಿಸಲಾಗದ್ದು. ಆಸ್ಪತ್ರೆಯಿಂದ ಬಂದ ದಿನ ಅವಳನ್ನು ಟವಲಿನಲ್ಲಿ ಸುತ್ತಿಕೊಂಡು ಇದೇ ಲಿಫ್ಟಿನಲ್ಲಿ ಮೇಲೆ ತಂದಿದ್ದ. ಆಮೇಲೆ ಅವಳು ಬೆಳೆದದ್ದನ್ನೆಲ್ಲ ಅವನು ಲಿಫ್ಟಿನ ಗುಂಡಿಗಳಲ್ಲೇ ಅಳೆದಿದ್ದ. ನಿಲ್ಲಲು ಕಲಿತಾಗ ತೀರ ಕೆಳಗಿನ ಗಂಟೆಯ ಗುಂಡಿ ಒತ್ತಿ ಇಡೀ ಕಟ್ಟಡವನ್ನು ಎಬ್ಬಿಸಿದ್ದಳು. ಆಮೇಲೆ ಒಂದು, ಎರಡು ಎಂದು ಮೇಲೇರುತ್ತ ಹೋದಳು. ಹೋದ ವರ್ಷ ತುದಿಗಾಲಲ್ಲಿ ನಿಂತು, ನಾಲಿಗೆ ಕಚ್ಚಿಕೊಂಡು ಐದನ್ನು ಮುಟ್ಟಿದ್ದಳು. ಐದರ ಮೇಲೆ ಒತ್ತುವುದಕ್ಕೆ ಇನ್ನು ಗುಂಡಿ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನ ತಲೆಗೆ ಒಂದು ಹುಳ ಹೊಕ್ಕಿತು. ಒಂದು ವೈರು ಸಡಿಲ ಮಾಡಿದರೆ ಲಿಫ್ಟು ಇವತ್ತೊಂದು ದಿನ ಕೆಟ್ಟಿರುತ್ತದೆ. ನಾಳೆಯ ಮಾತು ನಾಳೆಗೆ. ಹುಟ್ಟುಹಬ್ಬದ ದಿನ ಮಗಳಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಸ್ಕ್ರೂಡ್ರೈವರ್ ಜೇಬಿಗೆ ಇಳಿಸಿಕೊಂಡ.

“ಮೇಣದಬತ್ತಿ ತಂದ್ಬಿಡ್ತೀನಿ,” ಎಂದ ಹೆಂಡತಿಗೆ, ಮಕ್ಕಳು ಬರುವ ಹೊತ್ತು ಸಮೀಪಿಸಿದಾಗ.

“ತನ್ನಿ, ನಿಧಾನಕ್ಕೇ ತನ್ನಿ,” ಎಂದಳು ಅವಳು.

ಲಿಫ್ಟಿನೊಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಮಾಡಲೋ ಬೇಡವೋ ಎಂದು ಹತ್ತು ನಿಮಿಷ ಅಲ್ಲೇ ನಿಂತಿದ್ದು ಕೊನೆಗೆ ಕೆಳಗಿನ ಗುಂಡಿ ಒತ್ತಿದ. ಲಿಫ್ಟು ಕೆಳಗಿಳಿಯತೊಡಗಿತು. ಗುಂಡಿಗಳ ತಗಡು ಬಿಚ್ಚಲು ಮೊದಲ ಸ್ಕ್ರೂ ತೆಗೆದನೋ ಇಲ್ಲವೋ, ದೀಪ ಆರಿತು, ಫ್ಯಾನು ನಿಂತಿತು, ಲಿಫ್ಟು ಒಮ್ಮೆ ಜಗ್ಗಿ ಅಲ್ಲೇ ನಿಂತುಬಿಟ್ಟಿತು.

ಅವನು ಯಾವ ವೈರನ್ನೂ ಮುಟ್ಟಿರಲಿಲ್ಲ. ಬಾಗಿಲ ಸಂದಿಯಲ್ಲಿ ಮೂರನೇ ಮಹಡಿಯ ದೀಪ ಕಾಣುತ್ತಿತ್ತು, ಅಂದರೆ ಕರೆಂಟು ಹೋಗಿಲ್ಲ. ಫೋನಿನ ಬೆಳಕಿನಲ್ಲಿ ಎಲ್ಲವನ್ನೂ ತಡಕಿದ. ಎಲ್ಲವೂ ಸರಿಯಿತ್ತು, ಲಿಫ್ಟು ಮಾತ್ರ ಹಟಮಾರಿ ಎತ್ತಿನ ಹಾಗೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೆನ್ನಿನ ಮೇಲೆ ಬೆವರು ಹರಿಯಿತು. ಗಾಬರಿಯಲ್ಲಿ, ಬ್ಯಾಟರಿಯಿಂದ ನಡೆಯುವ ಗಂಟೆಯ ಗುಂಡಿ ಒತ್ತಿದ. ಆ ಗುಂಡಿ ಒತ್ತಿದರೆ ಮೆಕ್ಯಾನಿಕ್‌ಗೆ ಫೋನು ಹೋಗುವಂತೆ ಏರ್ಪಾಡಿತ್ತು. ಕೈಯಲ್ಲಿದ್ದ ಅವನದೇ ಫೋನು ಹೊಡೆದುಕೊಳ್ಳತೊಡಗಿತು.

ಕಂಪನಿಗೆ ಹೇಳೋಣವೆಂದರೆ ತಗಡು ಯಾಕೆ ಬಿಚ್ಚಿದೆ ಎಂದು ಕೇಳುತ್ತಾರೆ, ಕೆಲಸಕ್ಕೇ ಸಂಚಕಾರ. ಹೆಂಡತಿಗೆ ಹೇಳೋಣವೆಂದರೆ ಸಾಯುವ ತನಕ ಆಡಿಕೊಳ್ಳುತ್ತಾಳೆ. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಕಟ್ಟಡದ ಕಾರ್ಯದರ್ಶಿ.

“ಏನಯ್ಯಾ, ಲಿಫ್ಟ್ ನಿಂತೋಗಿದೆ. ಗಂಟೆ ಬೇರೆ ಹೊಡ್ಕೊಳ್ತು, ಒಳಗೆ ಯಾರೋ ಇದ್ದಾರೆ. ಎಲ್ಲಿದ್ದೀಯ ನೀನು?”

“ಇಲ್ಲೇ ಹತ್ರದಲ್ಲೇ ಇದ್ದೀನಿ ಸಾರ್,” ಎಂದ ಅವನು ಪಿಸುದನಿಯಲ್ಲಿ.

“ಎಷ್ಟು ಹತ್ರ?”

“ತುಂಬಾ ಹತ್ರ.”

“ತಡಿ, ತಡಿ. ನಿನ್ನ ದನಿ ಫೋನಲ್ಲೂ ಬರ್ತಿದೆ, ಬಾಗಿಲಿಂದಾನೂ ಬರ್ತಿದೆ.”

ಹೊರಗೆ ಕಾರ್ಯದರ್ಶಿ ಎಲ್ಲರನ್ನೂ ಕೂಗಿ ಕರೆದ. ಆಮೇಲೆ ಇಡೀ ಕಟ್ಟಡ ಮೂರನೇ ಮಹಡಿಗೆ ಬಂದು ನೆರೆಯಿತು. ಎರಡನೇ ಮಹಡಿಯ ಹಲ್ಲಿನ ಡಾಕ್ಟರಮ್ಮ ಬಾಗಿಲಿಗೆ ಬಾಯಿಟ್ಟು, “ಬಾಯಿ ದೊಡ್ಡದಾಗಿ ತೆಗೀರಿ. ಇನ್ನೂ ದೊಡ್ಡದಾಗಿ. ಈಗ ಉಸಿರು ಬಿಡಿ,” ಎಂದರು. ಕಾರ್ಯದರ್ಶಿ ಕೊಡೆಯ ತುದಿಯಿಂದ ಬಾಗಿಲನ್ನು ತಿವಿಯತೊಡಗಿದ. ಅವನಿಗೆ ಬೇರೆ ವಿದ್ಯೆ ತಿಳಿದಿರಲಿಲ್ಲ.

“ಒಳಗೆ ಕೂತು ಏನು ಮಾಡ್ತಿದ್ಯಪ್ಪಾ?”

“ಚೆಕ್ ಮಾಡ್ತಿದ್ದೆ ಸಾರ್.”

“ಚೆನ್ನಾಗಿ ಮಾಡ್ದೆ ಬಿಡು.”

ಆಗ ಎಲ್ಲ ಗದ್ದಲದ ಕೆಳಗಿನಿಂದ, ಬಾಗಿಲ ಸಂದಿಯಲ್ಲಿ, ಒಂದು ಸಣ್ಣ ದನಿ ಬಂತು. “ಅಪ್ಪಾ? ಒಳಗೆ ಕತ್ಲಾ?”

ಅವನು ಸಂದಿಯ ಹತ್ತಿರ ಬಗ್ಗಿದ. “ಸ್ವಲ್ಪ.”

“ಹೆದರ್ಬೇಡ. ಲಿಫ್ಟ್ ನಿಂತ್ರೆ ಬೀಳಲ್ಲ. ಬಾಗಿಲು ತಳ್ಬಾರ್ದು, ಕೂಗ್ಬಾರ್ದು, ಮೂಲೇಲಿ ಕೂತ್ಕೋಬೇಕು. ಕೂತ್ಯಾ?”

ಎಲ್ಲ ಅವನೇ ಹೇಳಿಕೊಟ್ಟ ಪಾಠ. ಅವನು ಮೂಲೆಯಲ್ಲಿ ಕುಕ್ಕರುಬಡಿದ. “ಕೂತೆ.”

“ನಾನಿಲ್ಲೇ ಇರ್ತೀನಿ. ಎಲ್ಲೂ ಹೋಗಲ್ಲ.”

ಅವಳ ದನಿಯಲ್ಲಿ ಅಳುಕೇ ಇರಲಿಲ್ಲ. ಇವಳು ಯಾವಾಗ ಇಷ್ಟು ದೊಡ್ಡವಳಾದಳು ಎಂದು ಅವನಿಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಬಿಚ್ಚಿದ ಸ್ಕ್ರೂವನ್ನು ಕತ್ತಲಲ್ಲೇ ಹುಡುಕಿ ತಿರುಗಿಸಿ ಕೂರಿಸಿದ.

ಅಷ್ಟರಲ್ಲಿ ಮೇಲಿನ ಮೆಟ್ಟಿಲಿಂದ ಹೆಂಡತಿಯ ದನಿ. “ಏನ್ ಗಲಾಟೆ? ಯಾರಿದ್ದಾರೆ ಒಳಗೆ? ಅಯ್ಯೋ, ಇವ್ರಾ?” ಆಮೇಲೆ ಚಪ್ಪಲಿಯ ಸದ್ದು ಪಟಪಟನೆ ಕೆಳಗಿಳಿದು ಹೋಯಿತು. ಪಾಪ, ನೋಡಲಾರದೆ ಓಡಿದಳು ಎಂದುಕೊಂಡ ಅವನು.

ಸ್ವಲ್ಪ ಹೊತ್ತಿಗೆ ದೀಪ ತಾನಾಗಿ ಹತ್ತಿತು, ಫ್ಯಾನು ತಿರುಗಿತು, ಲಿಫ್ಟು ಮೆಲ್ಲಗೆ ಸರಿದು ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಕೊಡೆ ಹಿಡಿದ ಕಾರ್ಯದರ್ಶಿ ಎದೆಯುಬ್ಬಿಸಿ ಎಲ್ಲರ ಮುಖ ನೋಡಿದ.

“ಕೊಡೆ ಕೆಲಸ ಮಾಡ್ತು. ಏನಯ್ಯಾ, ಇನ್ನು ಲಿಫ್ಟಲ್ಲಿ ಹೋಗ್ಬೋದೋ, ಬಾರ್ದೋ?”

ಕೇಳದೆಯೇ ವರ ಸಿಕ್ಕಿತ್ತು. ‘ಬಾರ್ದು, ನಾಳೆವರೆಗೂ ಬಾರ್ದು’ ಎಂದರೆ ಮುಗಿಯಿತು. ಅವನು ಬಾಯಿ ತೆರೆದ. ಗುಬ್ಬಿ ಅವನ ಕೈ ಹಿಡಿದು ಹೊರಗೆಳೆದಳು, ತಾನು ಒಳಗೆ ಹೋಗಿ ನಿಂತಳು.

“ಅಪ್ಪಾ, ನಿನಗೆ ಭಯ ಆಗ್ತಿದ್ರೆ ಮೆಟ್ಟಿಲಲ್ಲಿ ಬಾ. ಫ್ರೆಂಡ್ಸ್ ಕಾಯ್ತಿರ್ತಾರೆ. ನಾನು ಹೋಗಿರ್ತೀನಿ.”

ಬಾಗಿಲು ಮುಚ್ಚಿತು. ಅವಳು ಒಳಗೆ, ಅವನು ಹೊರಗೆ. ಅವನು ಮೆಟ್ಟಿಲ ಕಡೆ ಓಡಿದ.

ಎರಡನೇ ಮಹಡಿಯ ತಿರುವಿನಲ್ಲಿ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದ ಹೆಂಡತಿಗೆ ಢಿಕ್ಕಿ ಹೊಡೆದ. ಅವಳ ಮುಷ್ಟಿಯಲ್ಲಿ ಬೀಗದ ಕೈ ಇತ್ತು. ಕೆಳಗೆ, ಲಿಫ್ಟಿನ ಮೇನ್ ಸ್ವಿಚ್ ಇರುವ ಕೋಣೆಯದು.

“ಸ್ವಿಚ್ ಆರಿಸಿದ್ದು ನೀನಾ?”

“ನೀವು ಮೆಟ್ಟಿಲಲ್ಲಿ ಇಳಿದ್ರಿ ಅಂದ್ಕೊಂಡೆ ಕಣ್ರೀ.” ಅವಳ ಕಣ್ಣು ತುಂಬಿತು. “ಬೆಳಗ್ಗೆಯಿಂದ ನಗ್ತಾ ಓಡಾಡಿದ್ದೇ ಬಂತು. ಒಳಗೊಳಗೇ ತಡ್ಕೊಳಕ್ಕೆ ಆಗ್ಲಿಲ್ಲ. ಇವತ್ತೊಂದು ದಿನ ಲಿಫ್ಟ್ ಇಲ್ದೇ ಹೋದ್ರೆ ಏನು ಮಹಾ ಅಂತ… ಎಲ್ಲಿ ಅವ್ಳು?”

“ಲಿಫ್ಟಲ್ಲಿ.”

“ಒಬ್ಳೇನಾ?”

ಅವನು ಜೇಬಿನಲ್ಲಿದ್ದ ಸ್ಕ್ರೂಡ್ರೈವರನ್ನು ಇನ್ನಷ್ಟು ಒಳಗೆ ತಳ್ಳಿದ. ಇಬ್ಬರೂ ಬಿದ್ದಂಬೀಳ ಕೆಳಗೋಡಿದರು. ಅಲ್ಲಿ ಲಿಫ್ಟಿನ ತುಂಬ ಮಕ್ಕಳು, ಮುಂದೆ ಗುಬ್ಬಿ. ಹಿಮ್ಮಡಿ ಎತ್ತದೆಯೇ ಅವಳ ಬೆರಳು ಐದನ್ನು ಒತ್ತಿಯಾಗಿತ್ತು.

“ಜಾಗ ಇಲ್ಲಮ್ಮಾ,” ಎಂದಳು ಗುಬ್ಬಿ. “ನೀವಿಬ್ರೂ ನಿಧಾನಕ್ಕೆ ಹತ್ಕೊಂಡ್ ಬನ್ನಿ. ಓಡ್ಬೇಡಿ. ಕೈ ಹಿಡ್ಕೊಂಡ್ ಬನ್ನಿ, ಬೀಳ್ತೀರ.”

ಬಾಗಿಲು ಮುಚ್ಚಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು, ಕೈ ಕೈ ಹಿಡಿದು ಮೆಟ್ಟಿಲು ಹತ್ತತೊಡಗಿದರು.

ಮೂರನೇ ಮಹಡಿಯಲ್ಲಿ ಕಾರ್ಯದರ್ಶಿ ಇನ್ನೂ ಮೆಟ್ಟಿಲ ಕಟಕಟೆಗೆ ಒರಗಿ ನಿಂತಿದ್ದ. ಅವರನ್ನು ಮೇಲಿಂದ ಕೆಳಗೆ ನೋಡಿ ಡಾಕ್ಟರಮ್ಮನ ಕಡೆ ತಿರುಗಿದ.

“ನೋಡಿದ್ರಾ? ಮೆಕ್ಯಾನಿಕ್ಕೇ ಹೆಂಡ್ತಿ ಕೈ ಹಿಡ್ಕೊಂಡು ಮೆಟ್ಟಿಲಲ್ಲಿ ಹೋಗ್ತಿದ್ದಾನೆ. ನಾಳೆನೇ ಕಂಪನಿಗೆ ಹೇಳಿ ಬೇರೆಯವರನ್ನ ಹಾಕಿಸ್ಬೇಕು.”