ಕಡ್ಲಿ ಬರೂತನಕ ಒಂದು ವೆಬ್‌ಸೈಟು

ನಮ್ಮ ಯರಗುಪ್ಪ್ಯಾಗ ಯಾರಿಗಾದ್ರೂ ಒಂದು ಪ್ರಶ್ನಿ ಕೇಳಿ ನೋಡ್ರಿ, ಉತ್ತರ ಬರೂದಿಲ್ಲ, ತಿರುಗಿ ಒಂದು ಪ್ರಶ್ನಿ ಬರತೈತಿ. "ಹುಬ್ಬಳ್ಳಿ ಬಸ್ಸು ಹೋತೇನ್ರಿ?" ಅಂದ್ರ "ಯಾಕ, ದವಾಖಾನಿಗೇನು?" ಅಂತಾರ. "ಬಿಸಲು ಭಾಳ ಐತಲ್ರಿ" ಅಂದ್ರ "ನೀವು ಯಾರ ಮನಿಯವರು?" ಅಂತಾರ. ಇಂಥಾ ಊರಾಗ ಕುಂತು ನಾನು ಮಂದಿ ಪ್ರಶ್ನಿ ಹುಡುಕಿ, ಉತ್ತರ ಕೊಟ್ಟು, ಬದುಕು ಮಾಡ್ತೇನಿ ಅಂತ ಹೊಂಟೆ. ಹಿಂಗಾಗಿ ಆಗಬಾರದ್ದೆಲ್ಲಾ ಆತು. ಇನ್ನೂ ಆಗಾಕತ್ತೈತಿ.

ಖೋಲಿ

ಮೊದಲು ನಾ ಕುಂದಗೋಳದ ಒಂದು ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಲಗ್ನಪತ್ರಿಕಿ ಟೈಪ್ ಮಾಡ್ತಿದ್ದೆ. ಮಂದಿ ಲಗ್ನಪತ್ರಿಕಿ ಮೊಬೈಲಿನ್ಯಾಗ ಕಳಸಾಕ ಶುರು ಮಾಡಿದ್ರು, ಪ್ರೆಸ್ಸು ಬಾಗಿಲಾ ಹಾಕ್ತು. ಹೋಗೂ ಮುಂದ ಮಾಲಕರು ಹಳೇ ಕಂಪ್ಯೂಟರ್ ನನಗ ಕೊಟ್ರು. ಅದನ್ನ ತಂದು ಪಡಸಾಲಿ ಬಾಜೂಕಿನ ಸಣ್ಣ ಖೋಲ್ಯಾಗ ಇಟ್ಟೆ. ಲಗ್ನ ಆಗಿ ಈ ಮನಿಗೆ ಬಂದಾಗಿಂದ ನನ್ನದು ಅನ್ನೂದು ಒಂದು ಟ್ರಂಕು ಬಿಟ್ರ ಏನೂ ಇರಲಿಲ್ಲ. ಈಗ ಒಂದು ಖೋಲಿ, ಒಂದು ಕುರ್ಚಿ, ಹಿತ್ತಲಾ ಮತ್ತ ಅಡಗಿಮನಿ ಬಾಗಿಲಾ ಕಾಣೂ ಒಂದು ಕಿಟಕಿ. ಬಾಗಿಲಾ ಮುಂದ ಮಾಡಿಕೊಂಡು ಕುಂತ್ರ ಜೀವಕ್ಕ ಅಷ್ಟು ಸಮಾಧಾನ ಆಗತಿತ್ತು.

ಮೊಬೈಲಿನ್ಯಾಗಿನ ಒಬ್ಬ ವಿಡಿಯೋದಾಂವ ಹೇಳಿದ್ದ: ವೆಬ್‌ಸೈಟ್ ಮಾಡಬೇಕಂದ್ರ ದೊಡ್ಡ ವಿಷಯ ಹಿಡೀಬ್ಯಾಡ್ರಿ, ಸಣ್ಣದೊಂದು ಹಿಡೀರಿ. ಪ್ರಶ್ನಿ-ಉತ್ತರದ ಸೈಟಿಗೆ ಹೋಗಿ ನೋಡ್ರಿ. ಮಂದಿ ಯಾವ ಪ್ರಶ್ನಿ ಮ್ಯಾಲಿಂದ ಮ್ಯಾಲೆ ಕೇಳ್ತಾರ, ಯಾವುದಕ್ಕ ನೆಟ್ಟಗ ಉತ್ತರ ಸಿಕ್ಕಿಲ್ಲ, ಅದ ನಿಮ್ಮ ವೆಬ್‌ಸೈಟು. ಈ ಮಾತು ನನ್ನ ತಲ್ಯಾಗ ಗಟ್ಟಿ ಕುಂತುಬಿಡ್ತು.

ಆದ್ರ ಆ ಖೋಲಿ ಪ್ರತಿ ವರ್ಷ ಕಡ್ಲಿ ಚೀಲ ಇಡೂ ಖೋಲಿ. ನಮ್ಮ ಅತ್ತಿ ಬಂದು ಬಾಗಿಲದಾಗ ನಿಂತ್ರು.

"ಏನ್ ಮಾಡಾಕಿ ಇಲ್ಲಿ ಕುಂತು?"

"ವೆಬ್‌ಸೈಟ್ ಮಾಡ್ತೇನ್ರಿ ಅತ್ತಿ."

"ಯಾತರದು?"

"ಅದನ್ನ ಹುಡುಕಾಕತ್ತೇನ್ರಿ."

ಅತ್ತಿ ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿದ್ರು, ಸ್ವಲ್ಪ ಹೊತ್ತು ನನ್ನ ನೋಡಿದ್ರು. "ಏನ್ ಮಾರೂದು ಅಂತ ಗೊತ್ತಿಲ್ಲದ ಅಂಗಡಿ ತಗದಾಕಿ ನೀ ಒಬ್ಬಾಕಿನ ನೋಡು. ಇರ್ಲಿ. ಕಡ್ಲಿ ರಾಶಿ ಆಗೂತನಕ ನೋಡೂಣು. ಅಷ್ಟರಾಗ ಏನರ ಆದ್ರ ಖೋಲಿ ನಿಂದು, ಇಲ್ಲಾಂದ್ರ ಕಡ್ಲೀದು."

ಕಟ್ಟಿ ಮ್ಯಾಲಿನ ವಿಚಾರಣಿ

ಬಾಜೂ ಮನ್ಯಾಗ ರಿಟೈರ್ ಆದ ಮಾಸ್ತರ ಒಬ್ರು ಅದಾರ, ನಾವು ಕಾಕಾ ಅಂತೇವಿ. ಅವರು ಅಂದ್ರು, "ಊರ ಮಂದಿನ್ನ ಬಿಟ್ಟು ಯಾವುದೋ ಸೈಟಿನ್ಯಾಗಿನ ಮಂದಿನ್ನ ಯಾಕ ಹುಡುಕ್ತೀಯವಾ? ಹನಮಪ್ಪನ ಗುಡಿ ಕಟ್ಟಿಗೆ ಹೋಗು. ನಿಮ್ಮ ತಾಪತ್ರಯ ಏನ್ರಿ ಅಂತ ಕೇಳು."

ಅದೂ ಖರೆ ಅನಸ್ತು. ಹೋಗಿ ಕೇಳಿದೆ. ಕಟ್ಟಿ ಮ್ಯಾಲಿನ ಹಿರೇರು ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಒಬ್ರು, "ಯಾರು ಕಳಿಸ್ಯಾರ ನಿನ್ನ?" ಅಂದ್ರು. ಯಾರೂ ಕಳಿಸಿಲ್ರಿ, ನಾನ ಬಂದೇನಿ ಅಂದೆ. "ಹಂಗ ಯಾರರ ಸುಮ್ನ ಕೇಳ್ತಾರೇನು?" ಅಂದ್ರು. ತಾಪತ್ರಯ ಏನೂ ಇಲ್ಲವಾ, ದೇವರು ಆರಾಮ ಇಟ್ಟಾನ, ಅಂತ ಎಲ್ಲಾರೂ ಒಂದ ಮಾತು ಹೇಳಿ ಕಳಿಸಿದ್ರು.

ನಾ ಮನಿಗೆ ಬರೂದರಾಗ ಊರಾಗ ಸುದ್ದಿ ಬ್ಯಾರೇನ ಆಗಿತ್ತು. ಮರುದಿನ ಮುಂಜಾನೆ ಬಾಗಿಲಾ ತಗದ್ರ ಅಂಗಳದಾಗ ಪಾಳಿ ಹಚ್ಚಿ ಮಂದಿ. ಎಲ್ಲಾರ ಕೈಯಾಗೂ ಆಧಾರ್ ಕಾರ್ಡಿನ ಝೆರಾಕ್ಸು, ಪಾಸ್‌ಬುಕ್ಕಿನ ಝೆರಾಕ್ಸು, ಒಂದೊಂದು ಫೋಟೋ. ನಿನ್ನೆ ದೇವರು ಆರಾಮ ಇಟ್ಟಾನ ಅಂದವರ ಮನ್ಯಾಗೆಲ್ಲಾ ರಾತ್ರೋರಾತ್ರಿ ತಾಪತ್ರಯ ಹುಟ್ಟಿಕೊಂಡಿದ್ವು. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಬೋರ್‌ವೆಲ್ಲು, ಒಬ್ಬರಿಗೆ ಅಳಿಯ.

ಇದು ಸರಕಾರದ್ದಲ್ರಿ, ನನ್ನದು, ಅಂತ ಗಂಟಲಾ ಹರಕೊಂಡೆ. ಯಾರೂ ನಂಬಲಿಲ್ಲ. ಕಡೀಕ ನಮ್ಮ ಅತ್ತಿ ಹೊರಗ ಬಂದ್ರು. ಇವರರ ತಿಳಿಸಿ ಹೇಳ್ತಾರ ಅಂದ್ಕೊಂಡೆ. ಅತ್ತಿ ನನ್ನ ಕಿವ್ಯಾಗ, "ನನ್ನ ಝೆರಾಕ್ಸೂ ತಗೊಂಡಿ ಇಲ್ಲೋ?" ಅಂದ್ರು.

ಯಾರ ಪೈಕಿ

ಊರು ಬ್ಯಾಡ ಅಂತ ತಿರುಗಿ ಸೈಟಿಗೆ ಬಂದೆ. ಅಲ್ಲಿ ಒಬ್ಬಾಂವ ಕೇಳಿದ್ದ: "ಎರಿ ಭೂಮ್ಯಾಗ ಕಟ್ಟಿದ ಮನಿ ಗ್ವಾಡಿ ಸೀಳು ಬಿಡ್ತಾವ, ಏನು ಮಾಡಬೇಕು?" ಉತ್ತರ ಯಾರೂ ಕೊಟ್ಟಿರಲಿಲ್ಲ. ನನಗ ಖುಷಿ ಆತು. ನಮ್ಮೂರಾಗ ಗ್ವಾಡಿ ಸೀಳದ ಮನಿ ಯಾವುದೈತಿ? ಇದ ನನ್ನ ವಿಷಯ ಅಂದ್ಕೊಂಡು ಕಾಕಾನ ಕರದೆ. ಕಾಕಾ ಮೂರು ಮನಿ ಕಟ್ಟಿಸಿದವರು. ಅವರ ಹೆಸರಿಲೆ ಒಂದು ಖಾತೆ ತಗದು ಕುರ್ಚಿ ಮ್ಯಾಲೆ ಕುಂದ್ರಿಸಿ, ಬರೀರಿ ಅಂದೆ.

ಕಾಕಾ ಚಾಳೀಸು ಒರಸಿಕೊಂಡು, ಒಂದೊಂದ ಅಕ್ಷರ ಒತ್ತಿ ಒತ್ತಿ ಬರದ್ರು: "ಮೊದಲು ತಮ್ಮ ಹೆಸರು, ತಂದೆಯ ಹೆಸರು ಹಾಗೂ ಊರನ್ನು ತಿಳಿಸಬೇಕು. ತಾವು ಯಾರ ಪೈಕಿ?"

"ಕಾಕಾ, ಅಲ್ಲಿ ಹಂಗ ಕೇಳೂದಿಲ್ರಿ. ಉತ್ತರ ಅಷ್ಟ ಕೊಡೂದು."

"ಯಾರು ಅಂತ ಗೊತ್ತಿಲ್ಲದಾಂವಗ ಮನಿ ಕಟ್ಟೂ ಬುದ್ಧಿ ಹೆಂಗ ಹೇಳೂದು? ನಾಳೆ ಗ್ವಾಡಿ ಬಿದ್ರ ಯಾರ ಮನಿಗೆ ಹೋಗಿ ಮಾರಿ ತೋರಿಸ್ಲಿ?"

ಸೈಟಿನವರು ಅವರ ಉತ್ತರ ತಗದುಹಾಕಿದ್ರು. ಕಾಕಾ ಮತ್ತ ಅದನ್ನ ಬರದ್ರು, ಈ ಸಲ ತಾಯಿ ತವರುಮನಿ ಯಾವುದು ಅನ್ನೂದನ್ನೂ ಸೇರಿಸಿ. ಅದನ್ನೂ ತಗದ್ರು. ಮುಂದಿನ ಸಲಕ್ಕ ಖಾತೆನ ಬಂದ್ ಆತು. ಕಾಕಾನ ಮಾರಿ ಸಣ್ಣದಾತು. "ಮಾಸ್ತರಕಿ ಮಾಡಿದಷ್ಟು ವರ್ಷ ಎಷ್ಟೋ ಹುಡುಗೂರನ್ನ ಕ್ಲಾಸಿನಿಂದ ಹೊರಗ ನಿಂದ್ರಿಸೇನವಾ. ನನ್ನ ಹೊರಗ ನಿಂದ್ರಿಸಿದವರಾಗ ಇವರ ಮೊದಲನೇದವರು. ಎಷ್ಟೊತ್ತು ನಿಂದ್ರಬೇಕು, ಅದನ್ನರ ಕೇಳು."

ಹೆಸರಿಲ್ಲದ ಗಂಡಸು

ಆ ಸೈಟಿನ್ಯಾಗ ಹೆಸರು ಹೇಳದನೂ ಪ್ರಶ್ನಿ ಕೇಳಬಹುದು. ಒಂದಿನ ಹಿಂಗ ಹುಡುಕಾಕತ್ತಾಗ ಒಂದು ಪ್ರಶ್ನಿ ಕಣ್ಣಿಗೆ ಬಿತ್ತು: "ನನ್ನ ಹೆಂಡ್ತಿ ಮೊದಲು ಲಗ್ನಪತ್ರಿಕಿ ಟೈಪ್ ಮಾಡ್ತಿದ್ಲು. ಈಗ ಮನ್ಯಾಗ ದಿನಾ ಕಂಪ್ಯೂಟರ್ ಮುಂದ ಕುಂತಿರ್ತಾಳ. ನನ್ನ ಕೂಡ ಮಾತಾಡಾಕ ಪುರಸೊತ್ತಿಲ್ಲ. ನಮ್ಮವ್ವಗ ಹೇಳಿದ್ರ ಅವ್ವ ನನಗ ಬೈತಾಳ. ಏನು ಉಪಾಯ?"

ಸಿಟ್ಟು ಬಂತು, ನಗೀನೂ ಬಂತು, ಹಿಂದಿಂದ ಸ್ವಲ್ಪ ಪಾಪಾನೂ ಅನಸ್ತು. ನಮ್ಮ ಮನಿಯವರಿಗೆ ಈ ಸೈಟು ತೋರಿಸಿಕೊಟ್ಟಾಕಿ ನಾನ. ಬಾಯಿಲೆ ಕೇಳಿದ್ರ ಜಗಳ ಆಗತೈತಿ ಅಂತ ನಾನೂ ಹೆಸರು ಹೇಳದ ಉತ್ತರ ಬರದೆ: "ಸಂಜೀಕ ಹೊಲದಿಂದ ಬಂದು ಆಕಿಗೆ ಒಂದು ಕಪ್ಪು ಚಾ ಮಾಡಿ ಕೊಟ್ಟು ನೋಡ್ರಿ."

ಅವತ್ತ ಸಂಜೀಕ ನಮ್ಮ ಮನಿಯವರು ಲಗ್ನ ಆದಾಗಿಂದ ಮೊದಲನೇ ಸಲ ಒಲಿ ಹಚ್ಚಿದ್ರು. ಅಲ್ಲಾ ಜಜ್ಜಿ, ಸಕ್ಕರಿ ಕೈ ಬಿಟ್ಟು ಹಾಕಿ, ಬಸಿ ಮುಚ್ಚಿ ಚಾ ತಂದು ಕೀಬೋರ್ಡ್ ಬಾಜೂಕ ಇಟ್ರು. ನಾ ಏನೂ ಗೊತ್ತಿಲ್ಲದಾಕಿಯಂಗ ಕುಡದೆ. ಭಾಳ ಚೊಲೋ ಆಗಿತ್ತು. ಒಂದು ತಾಸು ಬಿಟ್ಟು ನನ್ನ ಉತ್ತರದ ಕೆಳಗ ಒಂದು ಸಾಲು ಬಂದು ಕುಂತಿತ್ತು: "ಉಪಯೋಗ ಆಗಲಿಲ್ಲ. ಚಾ ಕುಡದು ಮತ್ತ ಅಲ್ಲೇ ಕುಂತ್ಲು."

ಹರಕ ರೊಟ್ಟಿ

ಹೊಲದಾಗ ಕಡ್ಲಿ ಕಾಯಿ ಗಟ್ಟಿ ಆಗಾಕ ಹತ್ತಿದ್ವು. ನನಗ ವಿಷಯ ಸಿಕ್ಕಿರಲಿಲ್ಲ. ಮನ್ಯಾಗ ಯಾರೂ ಏನೂ ಅನ್ನಲಿಲ್ಲ, ಆದ್ರ ಅತ್ತಿ ಖಾಲಿ ಚೀಲ ಝಾಡಿಸಿ ಬಿಸಲಿಗೆ ಹಾಕಿದ್ರು. ಅದನ್ನ ನೋಡಿ ನಾ ಸೈಟಿನ್ಯಾಗಿನ ಹಳೇ ಪ್ರಶ್ನಿ ಎಲ್ಲಾ ಮತ್ತ ಮೊದಲಿಂದ ಓದಾಕ ಕುಂತೆ.

ಆವಾಗ ಲಕ್ಷ್ಯಕ್ಕ ಬಂತು. ಜ್ವಾಳದ ರೊಟ್ಟಿ ಯಾಕ ಹರೀತಾವ, ಅನ್ನೂ ಪ್ರಶ್ನಿ ಮ್ಯಾಲಿಂದ ಮ್ಯಾಲೆ ಬರಾಕತ್ತಿತ್ತು. ಅನ್ನ ಉಣ್ಣೂ ಊರಿಂದ ಈ ಕಡೆ ಸೊಸಿ ಆಗಿ ಬಂದವರು, ಡಾಕ್ಟರ್ ಹೇಳ್ಯಾರ ಅಂತ ರೊಟ್ಟಿ ಹಿಡದವರು, ಒಬ್ರ ಇರೂ ಗಂಡಸರು. ಕೆಳಗಿನ ಉತ್ತರ ನೋಡಿದ್ರ, ಚಪಾತಿ ತಿನ್ನಿ ಅಂತ ಒಬ್ರು, ಮೈದಾ ಬೆರಸ್ರಿ ಅಂತ ಇನ್ನೊಬ್ರು. ನಾ ಅದನ್ನ ಗಟ್ಟಿಯಾಗಿ ಓದಿದೆ.

ಪಡಸಾಲ್ಯಾಗ ಕುಂತಿದ್ದ ಅತ್ತಿ, "ಏನ್ ಬೆರಸೂದು?" ಅಂದ್ರು. ಮೈದಾರಿ ಅಂದೆ. ಎದ್ದು ಮೊದಲನೇ ಸಲ ಖೋಲಿ ಒಳಗ ಬಂದ್ರು. "ಬರೀ, ನಾ ಹೇಳ್ತೇನಿ. ಹಿಟ್ಟು ಎಂದ ಬೀಸಿಸಿದ್ದು? ಎಸರು ಕುದ್ದಿತ್ತೋ, ಬರೇ ಕಾದಿತ್ತೋ? ನಾದಿದ್ದು ಯಾರು? ಬಡಿಯೂ ಮುಂದ ಬಾಜೂಕ ಯಾರು ನಿಂತಿದ್ರು?"

ಕಡೀದು ಯಾಕ್ರಿ ಅಂದೆ. "ಬಾಜೂಕ ಅತ್ತಿ ನಿಂತಿದ್ರ ಎಂಥಾ ಹಿಟ್ಟಾದ್ರೂ ರೊಟ್ಟಿ ಹರಿಯೂದ," ಅಂದ್ರು.

ಹಂಗ ಬರದು ಹಾಕಿದೆ. ಮರುದಿನ ನೋಡ್ತೇನಿ, ಮಂದಿ ಉದ್ದುದ್ದ ಬರದಾರ. ಹಿಟ್ಟಿನ ಸುದ್ದಿ ಒಬ್ಬರೂ ಬರದಿಲ್ಲ. ಎಲ್ಲಾರೂ ಕಡೀ ಪ್ರಶ್ನಿಗೆ ಅಷ್ಟ ಉತ್ತರ ಕೊಟ್ಟಿದ್ರು.

ಅತ್ತಿ ಎಲ್ಲಾ ಓದಿಸಿಕೊಂಡು ಕೇಳಿದ್ರು. ಆಮ್ಯಾಲೆ ನೆಟ್ಟಗ ಕುಂತು, "ಬರೀ," ಅಂದ್ರು. "ಹರೀಲಿ ಬಿಡ ತಂಗಿ. ಹರಕ ರೊಟ್ಟಿ ತಿಂದ್ರ ಹೊಟ್ಟಿ ಹರಿಯೂದಿಲ್ಲ. ನಿಮ್ಮತ್ತಿಗೆ ಹೇಳು, ಬ್ಯಾಡಾದ್ರ ತಾವ ಬಡಕೊಳ್ಳಿ ಅಂತ."

ನಾ ಟೈಪ್ ಮಾಡೂದು ಬಿಟ್ಟು ಅತ್ತಿ ಕಡೆ ತಿರುಗಿದೆ. ನಾ ಹೊಸದಾಗಿ ಬಂದಾಗ ನನ್ನ ಮೊದಲನೇ ರೊಟ್ಟಿ ಹರದಿತ್ತು. ಆವಾಗ ಇದ ಅತ್ತಿ ಒಂದು ಮಾತೂ ಆಡದ ಸೂಜಿ-ದಾರ ತಂದು ನನ್ನ ಮುಂದ ಇಟ್ಟಿದ್ರು. ಅದು ಇಷ್ಟು ವರ್ಷ ನನ್ನ ಎದ್ಯಾಗ ಚುಚ್ಚಿಕೋಂತ ಕುಂತಿತ್ತು. ಅವತ್ತು ಬಾಯಿಗೆ ಬಂದುಬಿಡ್ತು. "ಹಂಗಾರ ನನಗ್ಯಾಕ ಹಿಂಗ ಹೇಳಲಿಲ್ರಿ, ಅತ್ತಿ?"

ಅತ್ತಿ ಅಂದ್ರು, "ನಾ ಚ್ಯಾಷ್ಟಿ ಮಾಡಿದ್ನಿ. ನೀ ನಗ್ತಿ, ಇಲ್ಲಾಂದ್ರ ಯಾಕ ಹರೀತು ಅಂತ ಕೇಳ್ತಿ ಅಂದ್ಕೊಂಡಿದ್ನಿ. ನೀ ನೋಡಿದ್ರ ತಲಿ ಬಗ್ಗಿಸಿ ದಾರ ಪೋಣಸಾಕ ಹತ್ತಿದಿ."

ಕಡ್ಲಿ ಬಂತು

ವೆಬ್‌ಸೈಟ್ ಆತು. ಬರೇ ರೊಟ್ಟೀದು. ಕೆಳಗ ಪ್ರಶ್ನಿ ಕೇಳಾಕ ಒಂದು ಜಾಗಾ, ಹೆಸರು ಹೇಳಬೇಕಂತಿಲ್ಲ. ಅತ್ತಿಗೆ ಓದಾಕ ಬರತೈತಿ, ಟೈಪ್ ಮಾಡಾಕ ಬರೂದಿಲ್ಲ. ಅದಕ್ಕ ಅವರು ಮಾತಾಡಿದ್ದನ್ನ ಅಕ್ಷರ ಮಾಡೂ ಹಂಗ ಮೈಕು ಜೋಡಿಸಿ ಕೊಟ್ಟೆ. ಬಾಯಿಂದ ಬಂದದ್ದೆಲ್ಲಾ ಅದು ಬರಕೊಳ್ಳತಿತ್ತು. ಒಂದ್ಸಲ ಎಸರಿನ ಸುದ್ದಿ ನಡುವ "ಯಾರದು, ಬಾಗಿಲಾ ತಗದೈತಿ, ಒಳಗ ಬರ್ರಿ" ಅಂತ ಹೋಗಿತ್ತು. ಕೇಳಿದ ಹೆಣ್ಮಗಳು, "ಬರ್ತೇವ್ರಿ, ವಿಳಾಸ ಕಳಿಸ್ರಿ" ಅಂತ ಬರದಿದ್ಲು.

ಕಡ್ಲಿ ರಾಶಿ ಆತು. ನಮ್ಮ ಮನಿಯವರು ಬೆನ್ನ ಮ್ಯಾಲೆ ಚೀಲ ಹೊತ್ತು ಖೋಲಿ ಬಾಗಿಲಕ್ಕ ಬಂದು ನಿಂತ್ರು.

"ಅವ್ವಾ, ಎಲ್ಲಿ ಇಡ್ಲಿ?"

ಮೈಕಿನ ಮುಂದ ಕುರ್ಚಿ ಮ್ಯಾಲೆ ಕುಂತಿದ್ದ ಅತ್ತಿ ಹಿಂದ ತಿರುಗಿ ನೋಡಲಿಲ್ಲ. "ಪಡಸಾಲ್ಯಾಗ ಇಡು. ಪ್ರಶ್ನಿ ಕೇಳಿದ ದಾವಣಗೇರಿ ಹುಡುಗಿ ರೊಟ್ಟಿ ಹಂಚಿನ ಮ್ಯಾಲೈತಿ, ನಡುವ ಮಾತಾಡಬ್ಯಾಡ."

ಖೋಲಿ ಕಡ್ಲೀದು ಆಗಲಿಲ್ಲ ಅಂತ ನಾ ಕುಣಿಯೂದೊಂದು ಬಾಕಿ ಇತ್ತು. ಆದ್ರ ನೋಡಿಕೋಂತ ಹೋದ್ರ ಅತ್ತಿ ಆ ಕುರ್ಚಿ ಬಿಟ್ಟು ಏಳವಲ್ರು. ಮುಂಜಾನೆ ಕುಂತ್ರ ಉಣ್ಣಾಕ ಏಳ್ತಾರ, ಉಂಡು ಮತ್ತ ಅಲ್ಲೇ. ಬಾಗಿಲಾನೂ ಮುಂದ ಮಾಡಿಕೊಳ್ಳಾಕತ್ರು. ನಾ ಪಡಸಾಲ್ಯಾಗ ಕಡ್ಲಿ ಚೀಲದ ಮ್ಯಾಲೆ. ಖರೆ ಹೇಳ್ತೇನಿ, ಅಳು ಬರಾಕತ್ತಿತ್ತು. ಎದುರಿಗೆ ಹೋಗಿ, ಏಳ್ರಿ, ಅದು ನನ್ನ ಕುರ್ಚಿ, ಅನ್ನಾಕ ಧೈರ್ಯ ಸಾಲಲಿಲ್ಲ.

ನಮ್ಮ ಮನಿಯವರ ದಾರಿ ನೆನಪಾತು. ಚೀಲದ ಮ್ಯಾಲೆ ಕುಂತು ಮೊಬೈಲ್ ತಗದು ನಮ್ಮ ವೆಬ್‌ಸೈಟಿನ್ಯಾಗ ಹೆಸರು ಹೇಳದ ಬರದೆ: "ನಮ್ಮ ಅತ್ತಿ ನನ್ನ ಖೋಲ್ಯಾಗ ಕುಂತು ಏಳವಲ್ರು. ಬಾಯಿ ಬಿಟ್ಟು ಹೇಳಾಕ ಅಂಜಿಕಿ. ಏನ್ ಮಾಡ್ಲಿ?"

ಗ್ವಾಡಿ ಆಚಿಂದ ಅತ್ತಿ ದನಿ ಕೇಳಸ್ತು, ಅದರ ಹಿಂದನ ಅದ ಮಾತು ಮೊಬೈಲಿನ್ಯಾಗ ಬಂತು: "ಅತ್ತಿಗೆ ಬಾಯಿ ಬಿಟ್ಟು ಕೇಳ ತಂಗಿ. ಊರ ಮಂದಿನ್ನೆಲ್ಲಾ ಕೇಳ್ತಿ, ಮನ್ಯಾಗಿದ್ದಾಕಿನ್ನ ಕೇಳೂದಿಲ್ಲ. ಮುಂಜಾನೆ ಅತ್ತಿ ಕೂಡ್ಲಿ, ಊಟ ಆದ ಮ್ಯಾಲೆ ನೀ ಕೂಡು. ಖೋಲಿ ನಿಂದ. ಈಗ ಮೊದಲು ಎದ್ದು ಹೋಗಿ ಹಾಲು ಮುಚ್ಚು, ಬೆಕ್ಕು ಅಡಗಿಮನಿ ಹೊಕ್ಕೈತಿ."

ನಾ ಓಡಿ ಹೋಗಿ ಹಾಲು ಮುಚ್ಚಿ, ಬೆಕ್ಕು ಹೊರಗ ಹಾಕಿ ಬಂದೆ. ಬರೂದರಾಗ ಅತ್ತಿ ಖೋಲಿ ಬಾಗಿಲಾ ಪೂರಾ ತಗದು ಕುರ್ಚಿ ಬಿಟ್ಟು ನಿಂತಿದ್ರು. ಮೊಬೈಲ್ ನೋಡಿದ್ರ ಆ ಉತ್ತರದ ಕೆಳಗ ಮೈಸೂರ ಕಡೆ ಯಾರೋ ಗುರ್ತಿಲ್ಲದ ಸೊಸಿ ಬರದಿದ್ಲು: "ಅಮ್ಮಾ, ನಿಮಗೆ ಹೇಗೆ ಗೊತ್ತಾಯ್ತು? ಓಡಿಹೋಗಿ ನೋಡಿದೆ, ನಿಜವಾಗ್ಲೂ ಬೆಕ್ಕು ಒಳಗಿತ್ತು."