ತೋಂಟದಾರ್ಯರ ದವಡೆ ಹಲ್ಲು

ತೋಂಟದಾರ್ಯರ ದವಡೆ ಹಲ್ಲು ನೋಯುತ್ತಿರುವುದು ನೊಣವಿನಕೆರೆಗೆಲ್ಲ ಗೊತ್ತಿತ್ತು. ಅವರು ಒಮ್ಮೆ ನರಳಿದರೆ ತೋಟದಲ್ಲಿ ಎರಡು ಎಳನೀರು ತಾವಾಗಿ ಉದುರುತ್ತಿದ್ದವು. ನಂಬದಿದ್ದರೆ ಕುಡಿದವರನ್ನು ಕೇಳಿ.

ತಿಪಟೂರಿನ ಹಲ್ಲಿನ ಡಾಕ್ಟರು ಅನುಪಮಾ, ತೋಂಟದಾರ್ಯರ ಬಾಯಿ ನೋಡಿ, "ರೂಟ್ ಕೆನಾಲ್ ಮಾಡ್ಬೇಕು ತಾತ. ಬೇರೊಳಗಿನ ಕೊಳೆನ ಕೈಯಲ್ಲಿ ತಿರುಗಿಸೋ ಸೂಜಿಲೂ ತೆಗೀಬಹುದು, ಮಿಷನ್ ಸೂಜಿಲೂ ತೆಗೀಬಹುದು. ಮಿಷನ್ನಾದ್ರೆ ಆಮೇಲೆ ನೋವು ಸಾಮಾನ್ಯವಾಗಿ ಕಮ್ಮಿ" ಎಂದರು.

ಮಿಷನ್ ಎಂದದ್ದೇ ತಡ, ತೋಂಟದಾರ್ಯರು ಚೇಳು ಕಡಿದವರಂತೆ ಎದ್ದು ಕೂತರು. ಮನೆಯಲ್ಲೂ ತಿಂಗಳಿಂದ ಅದೇ ಜಗಳ. ಹೆಂಡತಿ ಸಿದ್ದಗಂಗಮ್ಮನಿಗೆ ಕಾಯಿ ಸುಲಿಯುವ ಮಿಷನ್ ಬೇಕು. ಇವರಿಗೋ ಅಪ್ಪ ಅಂಗಳದಲ್ಲಿ ನೆಟ್ಟ ಕಬ್ಬಿಣದ ಮೊನೆಯೇ ಸಾಕು. ಅದಕ್ಕೆ ಕಾಯಿ ಕುಕ್ಕಿ ಮಟ್ಟೆ ಸೀಳುವ ಚರಚರ ಸದ್ದಿಗೆ ಎಚ್ಚರಾಗಿ, ಅಪ್ಪನ ಕಂಬಳಿಯೊಳಗೆ ಸೇರಿ ಕಾಫಿ ಹೀರಿದ ಹುಡುಗ ಅವರೊಳಗೆ ಇನ್ನೂ ಕೂತಿದ್ದ. ಆ ಕಾಲದಲ್ಲಿ ಒಬ್ಬೊಬ್ಬ ಆಳು ದಿನಕ್ಕೆ ಲಕ್ಷ ಕಾಯಿ ಸುಲಿಯುತ್ತಿದ್ದ. ನೋಡುವವರೇ ಸುಸ್ತಾಗಿ ಮಲಗುತ್ತಿದ್ದರು!

"ಕೈಯಲ್ಲೇ ಮಾಡು ತಾಯಿ. ಕಾಯಿ ಮನಸ್ಸು ಕೈಗೇ ಗೊತ್ತು. ಮಿಷನ್ ಚಿಪ್ಪನ್ನೇ ಒಡೆದಾಕ್ತದೆ."

"ಹಲ್ಲು ತೆಂಗಿನಕಾಯಲ್ಲ ಕಣ್ರೀ!" ಎಂದರು ಜೊತೆಗೆ ಬಂದಿದ್ದ ಸಿದ್ದಗಂಗಮ್ಮ. "ಸರಿ, ಪಂಥ. ಇವತ್ತು ದೀಪ ಹಚ್ಚೋವರ್ಗೂ ನೋವು ಅನ್ದಿದ್ರೆ ಮಿಷನ್ ಮಾತೇ ಎತ್ತಲ್ಲ. ಅಂದ್ರೋ, ನಾಳೆನೇ ಮಿಷನ್ ಬತ್ತದೆ."

ಡಾಕ್ಟರು ಕೊಟ್ಟ ಇಂಜೆಕ್ಷನ್‌ಗೆ ದವಡೆ ಮರಗಟ್ಟಿತು. ತೋಂಟದಾರ್ಯರು ಕುರ್ಚಿಯಲ್ಲೇ ನಿದ್ದೆಹೋದರು. ಆ ಗೊರಕೆಗೆ ಕೆಳಗಿನ ಅಂಗಡಿಯ ಷಟರ್ ತಾನಾಗಿ ಇಳಿಯಿತು. ಎಚ್ಚರಾದಾಗ ಕೆಲಸ ಮುಗಿದಿತ್ತು. "ಇವತ್ತು ಆ ಕಡೆ ಗಟ್ಟಿ ಪದಾರ್ಥ ಕಡೀಬೇಡಿ" ಎಂದು ಡಾಕ್ಟರು ಕಳಿಸಿಕೊಟ್ಟರು.

ಸಂಜೆ ಜಗಲಿ ತುಂಬ ಜನ.

"ನೋವಿಲ್ವಾ?" ಎಂದರು ಪಕ್ಕದ ಮನೆಯ ಹೊಂಬಾಳಮ್ಮ.

"ಹೂ ಬಿಡಿಸ್ದಂಗಾಯ್ತು. ಕೈಕೆಲಸ ಅಂದ್ರೆ ಅದು!"

"ಹಂಗಾದ್ರೆ ಇದನ್ನ ಕಡೀರಿ ನೋಡನ." ಆಕೆಯ ಕೈಯಲ್ಲಿ ಉಂಡೆ ಕೊಬ್ಬರಿ!

ಕಡಿದರು. ಕಟಕ್! ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿವರೆಗೆ ಹಗಲಲ್ಲೇ ನಕ್ಷತ್ರ ಕಂಡವು. ಕೆನ್ನೆಯ ಮೇಲೆ ನೀರು ಇಳಿಯಿತು.

"ಯಾಕ್ರೀ ಅಳ್ತೀರಾ?" ಎಂದರು ಸಿದ್ದಗಂಗಮ್ಮ.

"ಅಪ್ಪನ ನೆನಪಾಯ್ತು ಕಣೇ."

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಕಾಯಿ ಸುಲಿಯುವ ಬೋರಯ್ಯ ಮೂಲೆಯಲ್ಲಿ ಹೆಗಲು ನೀವಿಕೊಳ್ಳುತ್ತ, "ನನ್ನ ಹೆಗ್ಲು ಕೇಳಿದ್ರೆ ಮಿಷನ್ನೇ ಬೇಕು ಅಂತದೆ ಯಜಮಾನ್ರೇ" ಎಂದು ಗೊಣಗಿದ. ಯಾರೂ ಕಿವಿಗೊಡಲಿಲ್ಲ.

ದೇವರ ಮುಂದೆ ದೀಪ ಹತ್ತಿತು. ತೋಂಟದಾರ್ಯರು ಕೆನ್ನೆ ಅದುಮಿಕೊಂಡು ಎದ್ದು ನಿಂತರು. "ನೋಡ್ರಪ್ಪಾ, ಹಲ್ಲೇ ಸಾಕ್ಷಿ! ಯಾವುದು ನನ್ನ ನೋಯಿಸ್ಲಿಲ್ವೋ ಅದೇ ಈ ಮನೇಲಿ ಕಾಯಿ ಸುಲೀತದೆ!"

ಅಷ್ಟರಲ್ಲಿ ಡಾಕ್ಟರ ಫೋನು. ಸಿದ್ದಗಂಗಮ್ಮ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು.

"ನೋವಿದ್ಯಾ ತಾತ?"

"ಒಂಚೂರೂ ಇಲ್ಲ!"

"ಒಳ್ಳೇದಾಯ್ತು. ಬೇರು ತುಂಬಾ ಸೊಟ್ಟಗಿತ್ತು, ಕೈಸೂಜಿ ಇಳೀಲಿಲ್ಲ. ಎಷ್ಟು ಎಬ್ಬಿಸಿದ್ರೂ ನೀವು ಏಳ್ಲಿಲ್ಲ. ಅಮ್ಮಾವ್ರನ್ನ ಕೇಳಿ ಮಿಷನ್ ಸೂಜಿಲೇ ಮಾಡ್ದೆ."

ಸಿದ್ದಗಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಅಯ್ಯಯ್ಯೋ, ನೋವೈತೆ! ಪ್ರಾಣ ಹೋಯ್ತದೆ!" ಎಂದು ಕೂಗಿದರು ತೋಂಟದಾರ್ಯರು.

"ಸೋತ ಮ್ಯಾಕೆ ಬಂತಾ ನೋವು?" ಎಂದು ಹೊಂಬಾಳಮ್ಮ ನಕ್ಕರು. ಜಗಲಿಗೆ ಜಗಲಿಯೇ ನಕ್ಕಿತು.

ಬೋರಯ್ಯ ಆಗಲೇ ಅಂಗಳಕ್ಕಿಳಿದಿದ್ದ. ಆ ಹಳೇ ಮೊನೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ ನೋಡಿದ. ಅದು ಜಗ್ಗಲಿಲ್ಲ.

"ಬೇರು ಬಿಟ್ಬುಟ್ಟದೆ ಯಜಮಾನ್ರೇ. ಇದನ್ನ ಕೈಯಲ್ಲಿ ಕೀಳ್ಲಾ, ಮಿಷನ್ ತರಿಸ್ಲಾ?"